ಇನ್ನೊಬ್ಬರ ಕೈರುಚಿ

ಬೇಳೆ ತೊಳೆದ ನೀರು ಎಷ್ಟು ಸಲ ಚೆಲ್ಲಿದರೂ ಮತ್ತೆ ಬೆಳ್ಳಗೇ ಬರುತ್ತಿತ್ತು. ಅದು ತಿಳಿಯಾಗುವ ತನಕ ತೊಳೆಯಬೇಕೋ, ಇಲ್ಲ ಎಲ್ಲೋ ಒಂದು ಕಡೆ ಸಾಕೆಂದು ಬಿಡಬೇಕೋ ಅವನಿಗೆ ಗೊತ್ತಾಗಲಿಲ್ಲ. ನಲ್ಲಿಯ ಕೆಳಗೆ ಪಾತ್ರೆ ಹಿಡಿದು, ಬೆರಳ ಸಂದಿಯಲ್ಲಿ ಜಾರುವ ಬೇಳೆಯನ್ನು ತಿಕ್ಕುತ್ತಿದ್ದಾಗ ಅಕ್ಕ ಹಿಂದಿನಿಂದ ನೋಡುತ್ತಿದ್ದಾಳೆಂಬುದು ಅವನ ಬೆನ್ನಿಗೆ ತಿಳಿಯುತ್ತಿತ್ತು. ಅವಳ ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೆ ಎಳೆದು ತಂದಿಟ್ಟವನು ಅವನೇ. ಗಾಳಿ ಬೆಳಕು ಸಿಗಲಿ ಎಂದು ತನಗೆ ತಾನೇ ಹೇಳಿಕೊಂಡಿದ್ದ. ನಿಜವೆಂದರೆ, ಪರೀಕ್ಷೆಯಲ್ಲಿ ಪಕ್ಕದವನ ಹಾಳೆಯ ಕಡೆ ವಾಲಿ ಕೂರುವ ದಡ್ಡನಂತೆ, ಎಲ್ಲಾದರೂ ತಪ್ಪಿದರೆ ಅವಳ ಮುಖದಲ್ಲಿ ಕಂಡೀತು ಎಂಬ ಆಸೆ. ಆ ಮುಖದ ಬಲ ಅರ್ಧ ಈಗ ಏನನ್ನೂ ಹೇಳುತ್ತಿರಲಿಲ್ಲ. ಎಡ ಅರ್ಧ ಹೇಳುವುದನ್ನು ಓದಲು ಅವನಿಗೆ ಬರುತ್ತಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಅವನು ಕೆಲಸ ಮಾಡುವ ಲ್ಯಾಬಿನವರು ಬರುವವರಿದ್ದರು. ಅಕ್ಕ ಆಸ್ಪತ್ರೆಯಿಂದ ಮನೆಗೆ ಬಂದಾಗಿನಿಂದ ನೋಡಲು ಬರಬೇಕು, ಬರಬೇಕು ಎನ್ನುತ್ತಿದ್ದವರು ಕೊನೆಗೆ ಈ ಭಾನುವಾರವೆಂದು ಗೊತ್ತುಮಾಡಿಕೊಂಡಿದ್ದರು. ನೀವೇನೂ ತೊಂದರೆ ತೆಗೆದುಕೊಳ್ಳಬೇಡಿ ಎಂದಿದ್ದರು ಲ್ಯಾಬಿನ ಯಜಮಾನರು. ಹಾಗೆಂದು ಬಾಯಿ ಮುಚ್ಚುವ ಮೊದಲೇ, ಅದೇನೂ ತೊಂದರೆಯ ಲೆಕ್ಕಕ್ಕೆ ಬರುವುದಿಲ್ಲವೆಂಬಂತೆ, ನಿಮ್ಮ ಕೈಯ ಬಿಸಿಬೇಳೆ ಅನ್ನ ಒಂದಿದ್ದರೆ ಸಾಕು, ತಿಂದು ಎಷ್ಟು ಕಾಲವಾಯಿತು ಎಂದು ಸೇರಿಸಿದ್ದರು. ಉಳಿದವರೆಲ್ಲ ನಕ್ಕು ಹೌದು ಹೌದು ಎಂದಿದ್ದರು. ಅವನೂ ನಕ್ಕಿದ್ದ. ಬಾಯಲ್ಲಿ ಬಿಸಿ ತುಪ್ಪ ಹಾಕಿಕೊಂಡವನ ಹಾಗೆ ನುಂಗಲೂ ಆಗದೆ ಉಗುಳಲೂ ಆಗದೆ ಆಗಲಿ ಎಂದು ತಲೆ ಆಡಿಸಿದ್ದ. ಐವತ್ತು ದಾಟಿದ್ದರೂ ಅವನು ತನ್ನ ಜನ್ಮದಲ್ಲಿ ಒಂದು ಹೊತ್ತಿನ ಅನ್ನ ಬೇಯಿಸಿದವನಲ್ಲ. ಅಕ್ಕನಿಗೆ ಲಕ್ವ ಹೊಡೆದ ಮೇಲೆ ಅವಳನ್ನು ನೋಡಿಕೊಳ್ಳಲು ಬರುವ ಹೆಂಗಸೇ ಒಲೆ ಹಚ್ಚಿ ಏನೋ ಒಂದು ಬೇಯಿಸಿ ಮುಚ್ಚಿಟ್ಟು ಹೋಗುತ್ತಿದ್ದಳು. ಭಾನುವಾರ ಅವಳಿಗೆ ರಜೆ.

ಅವನ ಕೆಲಸ ಹಲ್ಲು ಕಟ್ಟುವುದು. ಹಲ್ಲಿನ ಡಾಕ್ಟರುಗಳು ಕಳಿಸುವ ಬಾಯಿಯ ಅಚ್ಚುಗಳು ಲ್ಯಾಬಿಗೆ ಬರುತ್ತವೆ. ಅವುಗಳಿಗೆ ಪ್ಲಾಸ್ಟರ್ ಹೊಯ್ದು, ಒಣಗಿದ ಮೇಲೆ, ಮೇಣದ ದವಡೆಯ ಮೇಲೆ ಒಂದೊಂದೇ ಹಲ್ಲನ್ನು ಕೂರಿಸಬೇಕು. ಕಿಟಕಿಯ ಪಕ್ಕದ ಮೇಜಿನಲ್ಲಿ ಕಂಡರಿಯದ ಜನರ ಬಾಯಿಗಳ ಸಾಲು ಸದಾ ಅವನ ಮುಂದೆ ತೆರೆದುಕೊಂಡಿರುತ್ತಿತ್ತು. ಮುಂದಿನ ಎರಡು ಹಲ್ಲಿನ ನಡುವಿನ ಗೆರೆ ಮೂಗಿನ ನೇರಕ್ಕೆ ಬರಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ಇಡೀ ಮುಖ ಸೊಟ್ಟಗೆ ಕಾಣುತ್ತದೆ. ಬಸ್ಸಿನಲ್ಲಿ ಎದುರು ಕೂತವರ ಮುಖಕ್ಕೂ ಅವನ ಕಣ್ಣು ತಾನಾಗಿ ಒಂದು ದಾರ ಇಳಿಬಿಡುತ್ತಿತ್ತು. ತುಟಿಯ ಯಾವ ಕೊನೆ ಮೇಲೆ, ಯಾವುದು ಕೆಳಗೆ, ನಗುವಾಗ ಯಾವ ಕಡೆ ಮೊದಲು ಏಳುತ್ತದೆ, ಇದನ್ನೆಲ್ಲ ನೋಡಬಾರದೆಂದರೂ ನೋಡಿಬಿಡುತ್ತಿದ್ದ. ಇಷ್ಟೆಲ್ಲ ಮಾಡಿದ್ದಕ್ಕೆ ಹೊಗಳಿಕೆ ಮಾತ್ರ ಯಾವತ್ತೂ ಬಂದಿರಲಿಲ್ಲ. ಚೆನ್ನಾಗಿ ಕಟ್ಟಿದ ಹಲ್ಲೆಂದರೆ ಕಟ್ಟಿದ್ದೆಂದು ಯಾರಿಗೂ ಗೊತ್ತಾಗದ ಹಲ್ಲು. ಇದನ್ನು ಯಾರು ಮಾಡಿದರು ಎಂದು ಯಾರೂ ಕೇಳದೆ ಇರುವುದೇ ಆ ಕೆಲಸದ ಹೆಚ್ಚುಗಾರಿಕೆ.

ಅದಕ್ಕೇ ಇರಬೇಕು, ಲ್ಯಾಬಿನಲ್ಲಿ ಪಿಂಗಾಣಿ ಹಲ್ಲು ಸುಡುವ ಹೆಂಗಸು, ಎಲ್ಲರ ಬಾಯಲ್ಲಿ ಪಿಂಗಾಣಿಯಮ್ಮ, ಒಂದು ಮಧ್ಯಾಹ್ನ ಅವನ ಡಬ್ಬಿಯಿಂದ ಒಂದು ಚಮಚ ಬಿಸಿಬೇಳೆ ಬಾಯಿಗಿಟ್ಟು, ಕಣ್ಣು ಮುಚ್ಚಿ ತೆರೆದು, ನೀವೇ ಮಾಡಿದ್ದಾ ಎಂದು ತಮಾಷೆಗೆ ಕೇಳಿದಾಗ ಅವನು ಹೂಂ ಎಂದುಬಿಟ್ಟ. ಬಾಯಲ್ಲಿ ಅನ್ನವಿತ್ತು. ಹೂಂ ಅನ್ನುವುದು ಇಲ್ಲ ಅನ್ನುವುದಕ್ಕಿಂತ ಸುಲಭವಾಗಿತ್ತು. ನುಂಗಿದ ಮೇಲೆ ತಿದ್ದಿದರಾಯಿತು ಎಂದುಕೊಂಡ. ನುಂಗುವಷ್ಟರಲ್ಲಿ ಆಕೆ ಇಡೀ ಲ್ಯಾಬಿಗೆ ಸಾರಿ ಬಂದಿದ್ದಳು. ಗಂಡಸು, ಅದೂ ಮದುವೆಯಾಗದ ಗಂಡಸು, ಅದೂ ಯಾರ ಜೊತೆಗೂ ನಾಲ್ಕು ಮಾತಾಡದ ಈ ಗಂಡಸು ಹೀಗೆ ಅಡುಗೆ ಮಾಡುತ್ತಾನೆಯೇ! ಹೆಂಗಸು ಮಾಡಿದ್ದಾದರೆ ಚೆನ್ನಾಗಿದೆ ಎಂದು ಕೈ ಒರೆಸಿಕೊಂಡು ಹೋಗುತ್ತಿದ್ದರು. ಅವನಿಗೆ ಸೌಟಣ್ಣ ಎಂದು ಹೆಸರಿಟ್ಟರು. ಬೆನ್ನ ಹಿಂದೆ ಇಟ್ಟ ಹೆಸರಲ್ಲ, ಮುಖ ಕಂಡ ಕೂಡಲೇ ಬಾಯಿ ತುಂಬ ಕರೆಯುವ ಹೆಸರು. ಮೆಟ್ಟಿಲು ಹತ್ತುವಾಗ ಅದು ಕಿವಿಗೆ ಬಿದ್ದರೆ ಅವನ ಹೆಜ್ಜೆ ಹಗುರವಾಗುತ್ತಿತ್ತು. ಅಲ್ಲಿಂದಾಚೆ ಲ್ಯಾಬಿನಲ್ಲಿ ಏನೇ ಸಂತೋಷವಾದರೂ ಬಿಸಿಬೇಳೆ ಸೌಟಣ್ಣನದೇ ಎಂದಾಯಿತು. ಡಬ್ಬಿ ಹೋಗಿ ಪಾತ್ರೆಯಾಯಿತು, ಪಾತ್ರೆ ಹೋಗಿ ಹಂಡೆಯಂಥದೇ ಒಂದು ಬಂತು. ಲ್ಯಾಬಿನಲ್ಲಿ ಎಲ್ಲರೂ ಹಂಚಿ ತಿನ್ನುತ್ತಾರೆ ಎಂದಷ್ಟೇ ಅಕ್ಕನಿಗೆ ಹೇಳಿದ್ದ. ಅವಳು ಹೆಚ್ಚು ಕೇಳಲಿಲ್ಲ. ಹೆಚ್ಚು ಬೇಳೆ ನೆನೆಹಾಕಿದಳು.

ಈಗ ಬಾಣಲೆಯ ಮುಂದೆ ನಿಂತು ಕೊತ್ತಂಬರಿ ಬೀಜ, ಕಡಲೆಬೇಳೆ, ಒಣಮೆಣಸು, ಚಕ್ಕೆ, ಲವಂಗ ಎಲ್ಲ ಹರಡಿಕೊಂಡಾಗ ಅವನಿಗೆ ತಾನು ಆಡಿದ ಮಾತುಗಳೇ ಒಂದೊಂದಾಗಿ ನೆನಪಾದವು. ಎಲ್ಲವನ್ನೂ ಒಟ್ಟಿಗೆ ಹುರಿಯಬಾರದು, ಒಂದೊಂದಕ್ಕೂ ಅದರದರ ಹದ ಎಂದು ಅವನು ಪಿಂಗಾಣಿಯಮ್ಮನಿಗೆ ಪಾಠ ಹೇಳಿದ್ದ. ಮೆಂತ್ಯ ಮಾತ್ರ ಜೋಪಾನ, ಕೆಂಪಾಗುವುದಕ್ಕೆ ಬಿಡಬಾರದು, ಮೂಗಿಗೆ ಗೊತ್ತಾದ ಕೂಡಲೇ ಇಳಿಸಬೇಕು. ಇವೆಲ್ಲ ಅಕ್ಕ ತನ್ನಷ್ಟಕ್ಕೆ ಗೊಣಗಿಕೊಂಡ ಮಾತುಗಳು. ಸಂಜೆ ಹೊತ್ತು ಅಡುಗೆಮನೆಯ ಬಾಗಿಲಲ್ಲಿ, ಈಗ ಅವಳು ಕೂತಿರುವ ಜಾಗದಲ್ಲೇ, ಪೇಪರು ಓದುವ ನೆಪದಲ್ಲಿ ನಿಂತು ಅವನು ಹೆಕ್ಕಿಕೊಂಡದ್ದು. ತಮ್ಮನಿಗೆ ಅಡುಗೆಯಲ್ಲಿ ಆಸಕ್ತಿ ಹುಟ್ಟಿದೆ ಎಂದು ಅವಳು ಖುಷಿಪಟ್ಟು ಇನ್ನೂ ನಾಲ್ಕು ಮಾತು ಹೆಚ್ಚು ಆಡುತ್ತಿದ್ದಳು. ಮಾತು ಕದಿಯುವಾಗ ಅವನು ಹದ ಕದ್ದಿರಲಿಲ್ಲ. ಮೂಗಿಗೆ ಏನು ಗೊತ್ತಾಗಬೇಕು? ಮೆಂತ್ಯ ಬಾಣಲೆಗೆ ಬಿದ್ದು ಚಿಟಪಟ ಎಂದಿತು. ಅವನು ಬಗ್ಗಿ ವಾಸನೆ ನೋಡಿದ. ಏನೂ ಇಲ್ಲ. ಇನ್ನೊಮ್ಮೆ ಬಗ್ಗುವುದರೊಳಗೆ ಹೊಗೆ ಎದ್ದು ಕಣ್ಣಿಗೆ ಬಂತು. ಬಾಣಲೆ ಇಳಿಸಿ ನೋಡಿದರೆ ಕಾಳುಗಳು ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದವು. ಹಿಂದಿನಿಂದ ಅಕ್ಕ ಗಂಟಲಿನಲ್ಲೇ ಏನೋ ಸದ್ದು ಮಾಡಿದಳು. ಡಬ್ಬಿಯಲ್ಲಿ ಬೇರೆ ಮೆಂತ್ಯ ಇರಲಿಲ್ಲ. ಇಷ್ಟರಿಂದ ಏನಾದೀತು ಎಂದು ಅದನ್ನೂ ಉಳಿದದ್ದರ ಜೊತೆ ಸೇರಿಸಿ ಪುಡಿಮಾಡಿಬಿಟ್ಟ.

ಪಿಂಗಾಣಿಯಮ್ಮ ಒಂದು ದಿನ ಹೇಳದೆ ಕೇಳದೆ ಮನೆಗೆ ಬಂದುಬಿಟ್ಟಿದ್ದಳು. ಜ್ವರವೆಂದು ಅವನು ರಜೆ ಹಾಕಿದ್ದ. ಹಣ್ಣು ಹಿಡಿದುಕೊಂಡು ನೋಡಲು ಬಂದಳು. ಈ ಹಾಲಿನಲ್ಲೇ, ಆ ಕಿಟಕಿಯ ಹತ್ತಿರದ ಮಂಚದ ಮೇಲೆ ಅವನು ಹೊದ್ದುಕೊಂಡು ಕೂತಿದ್ದ. ಅಕ್ಕ ಲೋಟದಲ್ಲಿ ಬಿಸಿನೀರು ತಂದಿಟ್ಟು, ಬಂದವಳನ್ನು ಕೂರಿಸಿ, ತಾನು ಗೋಡೆಗೆ ಒರಗಿ ನಿಂತಳು. ನಿಮ್ಮ ತಮ್ಮನ ಕೈರುಚಿಗೆ ನಾವೆಲ್ಲ ಸೋತುಹೋಗಿದ್ದೇವೆ ಎಂದು ಪಿಂಗಾಣಿಯಮ್ಮ ಶುರುಮಾಡಿದಳು. ಆ ಬಿಸಿಬೇಳೆ, ಆ ಘಮ, ಮನೆಯಲ್ಲಿ ಇಂಥವರೊಬ್ಬರಿದ್ದರೆ ನಿಮಗೇನು ಕಷ್ಟ, ಕೂತಲ್ಲಿಗೇ ಊಟ ಬರುತ್ತೆ ಎಂದು ನಕ್ಕಳು. ಅವನು ಹೊದಿಕೆಯ ಅಂಚನ್ನು ಹಿಡಿದು ನೋಡುತ್ತಿದ್ದ. ಅದರ ಹೊಲಿಗೆ ಒಂದು ಕಡೆ ಬಿಚ್ಚಿತ್ತು. ಜ್ವರದ ಕಾವು ಕಿವಿಗೆ ಏರಿತು. ಅಕ್ಕ ಅವನನ್ನು ಒಮ್ಮೆ ನೋಡಿದಳು. ಒಂದೇ ಸಲ, ಅದೂ ಸಿಟ್ಟಿನಿಂದಲ್ಲ. ಕಳೆದುಹೋದ ಒಂದು ವಸ್ತು ಯಾರದೋ ಮನೆಯಲ್ಲಿ ಕಂಡಾಗ ಇದು ನಮ್ಮದೇ ಅಲ್ಲವಾ ಎಂದು ನೋಡುವ ಹಾಗೆ.

"ಹೌದು," ಎಂದಳು ಅಕ್ಕ. "ಅವನು ಚೆನ್ನಾಗಿ ಮಾಡ್ತಾನೆ."

ಅದಾದ ಮೇಲೆ ಅವಳು ಆ ಮಾತೆತ್ತಲಿಲ್ಲ. ಬೈದಿದ್ದರೆ, ನಕ್ಕಿದ್ದರೆ, ಅಲ್ಲಪ್ಪ ನಾಚಿಕೆಯಾಗಲ್ಲವಾ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೇನೋ. ಮುಂದಿನ ಸಲ ಲ್ಯಾಬಿಗೆ ಬಿಸಿಬೇಳೆ ಬೇಕೆಂದು ಅವನು ಎಲ್ಲೋ ನೋಡುತ್ತ ಹೇಳಿದಾಗ ಎಷ್ಟು ಜನಕ್ಕೆ ಎಂದಷ್ಟೇ ಕೇಳಿದಳು. ಆದರೆ ಅಡುಗೆ ಮಾಡುವಾಗ ಗೊಣಗುವುದನ್ನು ನಿಲ್ಲಿಸಿಬಿಟ್ಟಳು. ಪೇಪರು ಹಿಡಿದು ಬಾಗಿಲಲ್ಲಿ ನಿಂತರೆ ಒಗ್ಗರಣೆಯ ಸದ್ದು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ.

ದಪ್ಪ ತಳದ ಪಾತ್ರೆಯಲ್ಲಿ ಬೇಳೆ ಕುದಿಯಲು ಇಟ್ಟು, ಪಕ್ಕದಲ್ಲಿ ಹುಣಸೆಹಣ್ಣು ಕಿವುಚಿ ಇಟ್ಟುಕೊಂಡು, ಅವನು ಅಕ್ಕನ ಕಡೆ ತಿರುಗಿದ. ಹುಳಿ ಈಗಲೇ ಹಾಕುವುದೋ, ಬೇಳೆ ಬೆಂದ ಮೇಲೋ? ಇದು ಅವನು ಕದ್ದ ಮಾತುಗಳಲ್ಲಿ ಇರಲಿಲ್ಲ.

"ಆಮೇಲೆ," ಎಂದಳು ಅಕ್ಕ.

ಅವಳಿಗೆ ಉಳಿದಿದ್ದುದು ಅದೊಂದೇ ಮಾತು. ಹಸಿವಾದರೂ ಆಮೇಲೆ, ಬಚ್ಚಲಿಗೆ ಹೋಗಬೇಕೆಂದರೂ ಆಮೇಲೆ, ನೋಡಿಕೊಳ್ಳುವ ಹೆಂಗಸು ತಲೆ ಬಾಚಿದರೆ ಅದಕ್ಕೂ ಆಮೇಲೆ. ಮಾತು ಕಲಿಸಲು ಬರುತ್ತಿದ್ದ ಆಸ್ಪತ್ರೆಯ ಹುಡುಗಿ ಹೇಳಿದ್ದಳು, ಕೆಲವರಿಗೆ ಹೀಗೆ ಒಂದು ಶಬ್ದ ನಾಲಿಗೆಯಲ್ಲಿ ಸಿಕ್ಕಿಹಾಕಿಕೊಂಡುಬಿಡುತ್ತದೆ, ಅದಕ್ಕೆ ಅರ್ಥವಿರಬೇಕೆಂದಿಲ್ಲ. ಆದರೆ ನಾವು ಹೇಳುವುದೆಲ್ಲ ಅವರಿಗೆ ಅರ್ಥವಾಗುತ್ತದೆ, ಅದನ್ನು ಮರೆಯಬೇಡಿ. ಹಾಗಾದರೆ ಈಗ ಹೇಳಿದ್ದು ಉತ್ತರವೋ, ಬರೀ ಶಬ್ದವೋ? "ಈಗಲೇ ಹಾಕಲಾ ಅಕ್ಕ?" ಎಂದು ತಿರುಗಿಸಿ ಕೇಳಿದ. ಆಮೇಲೆ. "ಬೇಳೆ ಬೆಂದ ಮೇಲಾ?" ಆಮೇಲೆ. ಗಡಿಯಾರ ನೋಡಿದ. ಒಲೆಯ ಮೇಲೆ ನೊರೆ ಉಕ್ಕಿ ಪಾತ್ರೆಯ ಹೊರಮೈಗೆ ಇಳಿಯುತ್ತಿತ್ತು. ಬಟ್ಟೆ ಹುಡುಕುತ್ತ, ಬೆರಳು ಸುಟ್ಟುಕೊಂಡು, ಆ ಉರಿಯಲ್ಲಿ ಅವನು ಕೇಳಬಾರದ್ದನ್ನು ಕೇಳಿದ.

"ನಿನ್ನ ಹೆಸರೇನು ಹೇಳು?"

ಅಕ್ಕ ಅವನ ಸುಟ್ಟ ಬೆರಳನ್ನು ನೋಡಿದಳು.

"ಹೇಳಕ್ಕ, ಹೆಸರೇನು?"

"ಆಮೇಲೆ."

ನೋಡಿದಿರಾ ಎಂಬಂತೆ ಅವನು ಕೈ ಚೆಲ್ಲಿದ, ಎದುರಿಗೆ ಯಾರೋ ಪಂಚಾಯಿತಿಯವರು ಕೂತಿದ್ದಾರೆಂಬ ಹಾಗೆ. ಅವಳ ಎಡಗಣ್ಣಿನಲ್ಲಿ ನೀರು ತುಂಬಿತು. ಬಲಗಣ್ಣಿನಲ್ಲಿ ಯಾವಾಗಲೂ ಇರುತ್ತಿತ್ತು, ಅದು ಲೆಕ್ಕಕ್ಕಿಲ್ಲ. ಹಿಟ್ಟು ಹತ್ತಿದ ಕೈಯಲ್ಲಿ ಕಣ್ಣು ಒರೆಸಿಕೊಳ್ಳಲು ಆಗದೆ ತೋಳಿನಲ್ಲಿ ಒರೆಸಿಕೊಳ್ಳುತ್ತಿದ್ದ ಅಕ್ಕ, ಅಮ್ಮ ಹೋದ ಮೇಲೆ ಇವನ ಓದಿಗೆಂದು ತನ್ನ ಓದು ಬಿಟ್ಟು ಪಕ್ಕದ ಮನೆಗಳ ಬಟ್ಟೆ ಹೊಲಿದ ಅಕ್ಕ, ಈಗ ತೊಡೆಯ ಮೇಲಿನ ಸತ್ತ ಕೈಯನ್ನು ಬದುಕಿದ ಕೈಯಲ್ಲಿ ಹಿಡಿದುಕೊಂಡು ಅವನನ್ನೇ ನೋಡುತ್ತಿದ್ದಳು. ಆ ನೋಟ ತಡೆಯಲಾಗಲಿಲ್ಲ. ಬಿಸಿಲು ಬೀಳುತ್ತಿದೆ, ಹೊಗೆ ಬರುತ್ತಿದೆ ಎಂದು ಏನೇನೋ ಹೇಳುತ್ತ ಅವನು ಕುರ್ಚಿಯನ್ನು ಹಿಂದಕ್ಕೆ ಎಳೆದು, ಹಾಲಿಗೆ ಒಯ್ದು, ಗೋಡೆಯ ಕಡೆಗೆ ತಿರುಗಿಸಿ ಇಟ್ಟ. ಗೋಡೆಯಲ್ಲಿ ಒಂದು ಮೊಳೆ ಬಿಟ್ಟರೆ ಏನೂ ಇರಲಿಲ್ಲ. ಮರಳಿ ಬಂದು ಹುಣಸೆರಸವನ್ನು ಬೇಯದ ಬೇಳೆಗೆ ಸುರಿದ. ಅಕ್ಕಿ ಹಾಕಿದ, ತರಕಾರಿ ಹಾಕಿದ, ಪುಡಿ ಹಾಕಿದ. ಯಾರೂ ನೋಡುತ್ತಿಲ್ಲವೆಂದ ಮೇಲೆ ಕೈ ಸಲೀಸಾಗಿ ಓಡಿತು. ಹುಳಿ ಬಿದ್ದ ಬೇಳೆ ಬೇಯುವುದಿಲ್ಲವೆಂಬುದು ಅವನಿಗೆ ಗೊತ್ತಾದದ್ದು ಅಕ್ಕಿ ಕರಗಿ ಅಂಟಾದರೂ ಬೇಳೆ ಕಾಳುಕಾಳಾಗಿ ಸೌಟಿಗೆ ತಾಗುತ್ತಿದ್ದಾಗ. ಹಾಗಾದರೆ ಅವಳು ಸರಿಯಾಗಿಯೇ ಹೇಳಿದ್ದಳು. ಆ ಒಂದು ಸಲ, ಆ ಶಬ್ದಕ್ಕೆ ಅರ್ಥವಿತ್ತು.

ಅರ್ಥವಿತ್ತೆಂದು ಒಪ್ಪಿಕೊಂಡರೆ ಎಲ್ಲ ಸಲವೂ ಅರ್ಥವಿತ್ತೆಂದು ಒಪ್ಪಬೇಕಾಗುತ್ತದೆ. ಸೌಟು ತಿರುವುತ್ತ ಅವನ ಕೈ ನಿಧಾನವಾಯಿತು. ಅವತ್ತು, ಅಕ್ಕ ಬಿದ್ದ ದಿನ ಬೆಳಗ್ಗೆ, ಇದೇ ಪಾತ್ರೆ, ಇದೇ ಒಲೆ. ಲ್ಯಾಬಿಗೆ ಪಿಂಗಾಣಿ ಸುಡುವ ಹೊಸ ಕುಲುಮೆ ಬಂದಿತ್ತು, ಯಜಮಾನರು ಎಲ್ಲರಿಗೂ ಊಟವೆಂದಿದ್ದರು, ಕೆಲವು ಡಾಕ್ಟರುಗಳನ್ನೂ ಕರೆದಿದ್ದರು. ಅಕ್ಕ ಕತ್ತಲಿರುವಾಗಲೇ ಎದ್ದು ಮಾಡಿ ಮುಗಿಸಿ, ಕೊನೆಯ ಒಗ್ಗರಣೆ ಸುರಿದು ತಿರುವುತ್ತಿದ್ದಾಗ ಸೌಟು ಅವಳ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಬಗ್ಗಿ ಎತ್ತಲು ಹೋದಳು. ಬೆರಳುಗಳು ಸೌಟಿನ ಮೇಲೆ ಬಿದ್ದವು, ಮುಚ್ಚಿಕೊಳ್ಳಲಿಲ್ಲ. ಅವಳು ತನ್ನ ಕೈಯನ್ನು ಯಾರದೋ ಕೈಯೆಂಬಂತೆ ನೋಡಿಕೊಂಡು, ಅವನ ಕಡೆ ಮುಖ ಎತ್ತಿ, ಯಾಕೋ ಕೈ ಎಂದಳು. ಮುಂದಿನ ಮಾತು ಗಂಜಿಯಂತೆ ಕಲಸಿಹೋಯಿತು. ಅವನು ಪಾತ್ರೆಯ ಕೊರಳಿಗೆ ಬಟ್ಟೆ ಸುತ್ತಿ ಅದನ್ನು ಎತ್ತಲು ಸಿದ್ಧನಾಗಿ ನಿಂತಿದ್ದ. ನೋಡಿದ. ಅವನ ಕಣ್ಣು, ಬೇಡವೆಂದರೂ ದಾರ ಇಳಿಬಿಡುವ ಆ ಕಣ್ಣು, ಅವಳ ಮೂಗಿನ ತುದಿಯಿಂದ ಗಲ್ಲಕ್ಕೆ ಗೆರೆ ಎಳೆಯಿತು. ತುಟಿಯ ಬಲಕೊನೆ ಕೆಳಗೆ ಬಿದ್ದಿತ್ತು. ಕೂದಲೆಳೆಯಷ್ಟಲ್ಲ. ಬೇರೆ ಯಾರಿಗಾದರೂ ನಿದ್ದೆ ಸಾಲದ ಮುಖ ಎನ್ನಿಸಬಹುದಿತ್ತು, ಅವನಿಗೆ ಹಾಗೆನ್ನಿಸಲು ಸಾಧ್ಯವಿರಲಿಲ್ಲ. ಕೆಳಗೆ ರಸ್ತೆಯಲ್ಲಿ ಲ್ಯಾಬಿನ ವ್ಯಾನು ಹಾರ್ನ್ ಹೊಡೆಯಿತು. ಪಾತ್ರೆಯಿಂದ ಘಮ ಏಳುತ್ತಿತ್ತು, ಡಾಕ್ಟರುಗಳು ಬರುತ್ತಾರೆ, ಸೌಟಣ್ಣ ಯಾರು ಎಂದು ಕೇಳುತ್ತಾರೆ.

"ಆಮೇಲೆ ನೋಡೋಣ," ಎಂದ. "ನೀನು ಸ್ವಲ್ಪ ಮಲಕ್ಕೋ."

ಅವಳು ನೆಲಕ್ಕುರುಳುವ ಮೊದಲು ಕಿವಿಗೆ ಬಿದ್ದ ಕೊನೆಯ ಮಾತು ಅದು. ಆ ದಿನ ಊಟದಲ್ಲಿ ಅವನು ಎಲ್ಲರಿಗೂ ತಾನೇ ಬಡಿಸಿದ. ಒಬ್ಬ ಡಾಕ್ಟರು ಎರಡನೇ ಸಲ ಹಾಕಿಸಿಕೊಂಡು ಗುಟ್ಟೇನೆಂದು ಕೇಳಿದರೆ ಮೆಂತ್ಯದ ಹದದ ಬಗ್ಗೆ ವಿವರವಾಗಿ ಹೇಳಿದ. ಹೇಳುವಾಗ ಅಕ್ಕನ ತುಟಿಯ ಬಲಕೊನೆ ಕಣ್ಣ ಮುಂದೆ ಬಂತು. ಅದು ಬಂದಾಗಲೆಲ್ಲ ಇನ್ನೊಂದು ಸೌಟು ಇನ್ನೊಬ್ಬರ ತಟ್ಟೆಗೆ ಹಾಕಿದ. ಮನೆಗೆ ಫೋನ್ ಮಾಡಬಹುದಿತ್ತು. ಮಾಡಿದರೆ ಅವಳು ಎತ್ತದೆ ಇರಬಹುದು ಎಂಬ ಭಯಕ್ಕೆ ಮಾಡಲಿಲ್ಲ. ಪಾತ್ರೆಯನ್ನು ಅಲ್ಲೇ ತಿಕ್ಕಿ ತೊಳೆದು, ಒರೆಸಿ, ಇನ್ನೇನೂ ಮಾಡಲು ಉಳಿದಿಲ್ಲವೆಂದಾದಾಗ ಮನೆಗೆ ಬಂದ. ಅಡುಗೆಮನೆಯ ನೆಲದ ಮೇಲೆ ಒಂದು ಕೆನ್ನೆ ಒತ್ತಿಕೊಂಡು ಅವಳು ಬಿದ್ದಿದ್ದಳು, ಕಣ್ಣು ತೆರೆದೇ ಇತ್ತು. ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರು ಇದು ಯಾವಾಗ ಶುರುವಾಯಿತು, ಅದೊಂದು ಮುಖ್ಯ, ಸರಿಯಾಗಿ ಯೋಚಿಸಿ ಹೇಳಿ ಎಂದ. ಬೆಳಗ್ಗೆ ನಾನು ಹೊರಟಾಗ ಚೆನ್ನಾಗೇ ಇದ್ದಳು ಎಂದು ಇವನು ಹೇಳಿದ. ಯೋಚಿಸಿಯೇ ಹೇಳಿದ.

ಸುಟ್ಟ ವಾಸನೆ ಬಂತು. ತಳ ಹಿಡಿದಿತ್ತು. ಅವನು ಒಂದು ಚೊಂಬು ನೀರು ಹುಯ್ದು ಕೆದಕಿದ. ಕರಿ ಚೂರುಗಳು ಮೇಲೆ ಬಂದು ತೇಲಿದವು. ಅಷ್ಟರಲ್ಲಿ ಬಾಗಿಲು ಬಡಿದರು.

ಬಂದವರು ಮೂವರು. ಯಜಮಾನರು, ಪಿಂಗಾಣಿಯಮ್ಮ, ಮತ್ತು ಲ್ಯಾಬಿನಲ್ಲಿ ಪ್ಲಾಸ್ಟರ್ ಕಲಸುವ, ವ್ಯಾನು ಓಡಿಸುವ, ಸದಾ ರೆಪ್ಪೆಯ ಮೇಲೂ ಬಿಳಿ ಧೂಳು ಕೂತಿರುವ ಸುಣ್ಣದಣ್ಣ. ಅವರು ಮೊದಲು ನೋಡಿದ್ದು ಗೋಡೆಗೆ ಮುಖಮಾಡಿ ಕೂತಿದ್ದ ಅಕ್ಕನನ್ನು. ಬಿಸಿಲು ಜಾಸ್ತಿ ಎಂದ ಅವನು. ಕಿಟಕಿಯ ಆಚೆ ಮೋಡ ಕವಿದಿತ್ತು. ಪಿಂಗಾಣಿಯಮ್ಮ ಕುರ್ಚಿಯನ್ನು ತಿರುಗಿಸಿ, ಅಕ್ಕನ ಪಕ್ಕದಲ್ಲಿ ಮೊಣಕಾಲೂರಿ ಕೂತು, ಹೇಗಿದ್ದೀರಕ್ಕ ಎಂದು ಕಿವುಡರೊಡನೆ ಮಾತಾಡುವಂತೆ ಗಟ್ಟಿಯಾಗಿ ಕೇಳಿದಳು. ಆಮೇಲೆ ಎಂದಳು ಅಕ್ಕ. ಯಜಮಾನರಿಗೆ ಅದರಲ್ಲೊಂದು ಭರವಸೆ ಕಂಡಿತು. ಹೌದು ಹೌದು, ಆಮೇಲಾಮೇಲೆ ಎಲ್ಲ ಸರಿಹೋಗುತ್ತೆ ಎಂದರು.

ತಟ್ಟೆ ಹಾಕಿ ಬಡಿಸಿದ. ತಾನು ತಿನ್ನಲು ಕೂರಲಿಲ್ಲ, ಬಡಿಸುವವನಿಗೆ ಅದೊಂದು ಅನುಕೂಲ. ಮೊದಲ ತುತ್ತು ಬಾಯಿಗಿಟ್ಟ ಮೂವರ ದವಡೆಗಳನ್ನೂ ಅವನು ಒಟ್ಟಿಗೆ ನೋಡಿದ. ಯಜಮಾನರ ದವಡೆ ಒಂದು ಸಲ ಆಡಿ ನಿಂತಿತು, ನಾಲಿಗೆ ಒಳಗೆ ಏನನ್ನೋ ಬದಿಗೆ ಸರಿಸಿತು. ಸುಣ್ಣದಣ್ಣ ಅಗಿಯದೆ ನುಂಗಿದ. ಬೇಳೆ ಹಲ್ಲಿಗೆ ಸಿಕ್ಕು ಕಟಕ್ಕೆಂದ ಸದ್ದು ಯಾರ ಬಾಯಿಂದ ಬಂತೋ, ಎಲ್ಲರಿಗೂ ಕೇಳಿಸಿತು. ನಂತರ ಪಿಂಗಾಣಿಯಮ್ಮ, ಕಣ್ಣು ತುಂಬಿಕೊಂಡು, ತಟ್ಟೆ ಕೆಳಗಿಟ್ಟಳು.

"ಮನಸ್ಸು ನೆಟ್ಟಗಿಲ್ಲದೆ ಇದ್ರೆ ಕೈ ತಾನೆ ಏನು ಮಾಡುತ್ತೆ, ಸೌಟಣ್ಣ," ಎಂದಳು. "ಅಕ್ಕನ ಚಿಂತೇಲಿ ನೀವು ಎಷ್ಟು ಇಳಿದುಹೋಗಿದೀರ."

ಯಜಮಾನರು ತಲೆದೂಗಿದರು. ಕೈರುಚಿ ಅನ್ನುವುದು ಕೈಯಲ್ಲಿರುವುದಿಲ್ಲ, ಎದೆಯಲ್ಲಿರುತ್ತದೆ, ಅದಕ್ಕೆ ಇದೇ ಸಾಕ್ಷಿ ಎಂದರು. ಕರಕಲು ಅನ್ನ ಕೂಡ ಅವನ ಹೆಸರಿಗೇ ಜಮೆಯಾಯಿತು. ಸೌಟು ಕೈಯಲ್ಲೇ ಇತ್ತು. ಇದು ನಾನು ಮೊದಲ ಸಲ ಮಾಡಿದ್ದು ಎಂದ. ಮತ್ತೆ ಹೇಳಿದ, ನೀವು ಇಷ್ಟು ವರ್ಷ ತಿಂದದ್ದೆಲ್ಲ ಅಕ್ಕ ಮಾಡಿದ್ದು, ನಾನು ಒಂದು ದಿನವೂ ಮಾಡಿದವನಲ್ಲ. ಹೇಳಿದ ಮೇಲೆ, ಎಲ್ಲವನ್ನೂ ಹೇಳಿಬಿಟ್ಟಷ್ಟೇ ಹಗುರವಾದೀತೆಂದು ಒಂದು ಕ್ಷಣ ಕಾದ. ಪಿಂಗಾಣಿಯಮ್ಮ ಯಜಮಾನರನ್ನು ನೋಡಿದಳು, ಯಜಮಾನರು ಪಿಂಗಾಣಿಯಮ್ಮನನ್ನು ನೋಡಿದರು. ಇಬ್ಬರ ಮುಖವೂ ಕರಗಿತು.

"ನೋಡಿ ಇವರ ದೊಡ್ಡತನ," ಎಂದರು ಯಜಮಾನರು. "ಅಕ್ಕನ ಮನಸ್ಸು ಸಂತೋಷವಾಗಲಿ ಅಂತ ತಮ್ಮ ಹೆಸರನ್ನೇ ಎತ್ತಿಕೊಡ್ತಾರೆ."

ಅಲ್ಲ, ನಿಜವಾಗಿಯೂ ಎಂದು ಅವನು ಶುರುಮಾಡಿದ. ಅಯ್ಯೋ ಆಯಿತು ಬಿಡಿ, ಅಕ್ಕನೇ ಮಾಡಿದ್ದು ಎಂದು ಪಿಂಗಾಣಿಯಮ್ಮ ಅಕ್ಕನ ಕೆನ್ನೆ ಮುಟ್ಟಿ, ಮಕ್ಕಳ ಆಟಕ್ಕೆ ಸೇರಿಕೊಂಡವಳಂತೆ, ಅಲ್ವಾ ಅಕ್ಕ ಎಂದಳು. ಮೂವರೂ ತಟ್ಟೆ ಖಾಲಿ ಮಾಡಿದರು. ಎರಡನೇ ಸಲ ಬೇಡವೆಂದರು.

ಹೊರಡುವಾಗ ಉಳಿದಿಬ್ಬರು ಮೆಟ್ಟಿಲಿಳಿದರೂ ಸುಣ್ಣದಣ್ಣ ಚಪ್ಪಲಿ ಹುಡುಕುವವನಂತೆ ಬಾಗಿಲಲ್ಲೇ ಉಳಿದ. ಅವನು ಬೆಳಗಿನಿಂದ ಸಂಜೆ ತನಕ ಸುಮ್ಮನಿರುವವನು. ಮಾತಾಡಿದರೆ ವ್ಯಾನಿನ ಬಗ್ಗೆ. ಬಹಳ ದಿನದಿಂದ ಒಂದು ವಿಷಯ ಕೊರೆಯುತ್ತಿದೆ, ಯಾರಿಗೂ ಹೇಳಿಲ್ಲ ಎಂದ.

"ಅವತ್ತು ಬೆಳಗ್ಗೆ ನಾನು ಹಾರ್ನ್ ಹೊಡೆದಾಗ ಅಕ್ಕ ಕಿಟಕಿಗೆ ಬಂದ್ರು. ನಾನು ಕೈ ಬೀಸಿದೆ. ಅವರು ಯಾವಾಗಲೂ ಬೀಸೋರು, ಅವತ್ತು ಬೀಸಲಿಲ್ಲ. ಕಂಬಿ ಹಿಡ್ಕೊಂಡು ಸುಮ್ನೆ ನೋಡ್ತಾ ನಿಂತಿದ್ರು." ಸುಣ್ಣದಣ್ಣ ಕೆಳಗೆ ನೋಡಿದ. "ಆಗಲೇ ಏನಾದ್ರೂ ಆಗಿತ್ತೇನೋ ಅಂತ. ನಾನು ಮೇಲೆ ಬಂದು ಕೇಳಬೇಕಿತ್ತು. ಊಟ ತಣ್ಣಗಾಗುತ್ತೆ ಅಂತ ಹೊರಟೆ. ರಾತ್ರಿ ನಿದ್ದೆ ಬರಲ್ಲ ಸೌಟಣ್ಣ."

ಅವಳು ಮಲಗಲು ಹೋಗಿರಲಿಲ್ಲ. ಕಿಟಕಿಗೆ ಬಂದಿದ್ದಳು. ಪಾತ್ರೆ ಹೊತ್ತು ಮೆಟ್ಟಿಲಿಳಿದು ವ್ಯಾನು ಹತ್ತುವ ತಮ್ಮನನ್ನು, ಒಮ್ಮೆಯೂ ಮೇಲೆ ನೋಡದ ಅವನ ನೆತ್ತಿಯನ್ನು ನೋಡುತ್ತ ನಿಂತಿದ್ದಳು. ಸುಣ್ಣದಣ್ಣ ಉತ್ತರಕ್ಕೆ ಕಾಯುತ್ತಿದ್ದ. ಅವನ ಬಿಳಿ ರೆಪ್ಪೆಗಳು ಅಲುಗುತ್ತಿರಲಿಲ್ಲ. ನಿನ್ನದಲ್ಲ ಆ ತಪ್ಪು, ನೀನು ದೂರದಿಂದ ನೋಡಿದೆ, ನಾನು ಹತ್ತಿರದಿಂದ ನೋಡಿದೆ ಎಂದು ಹೇಳಿದರೆ ಸಾಕಿತ್ತು. ಹಾಲಿನಲ್ಲಿ ಕೈಗೆಟುಕುವಷ್ಟು ದೂರದಲ್ಲಿ ಅಕ್ಕನ ಕುರ್ಚಿ.

"ಇಲ್ಲ," ಎಂದ ಅವನು. "ನಾವು ಹೊರಟಾಗ ಚೆನ್ನಾಗೇ ಇದ್ದಳು."

ಸುಣ್ಣದಣ್ಣನ ಎದೆಯಿಂದ ಉಸಿರು ಹೊರಬಿತ್ತು. ಹಾಗಾದರೆ ಸರಿ, ಹಾಗಾದರೆ ಸರಿ ಎಂದು ಎರಡು ಸಲ ಹೇಳಿ, ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಒತ್ತಿದ. ಮೆಟ್ಟಿಲಿಳಿಯುವ ಅವನ ಹೆಜ್ಜೆ ಹುಡುಗರ ಹೆಜ್ಜೆಯಂತೆ ಕೇಳಿಸಿತು. ಕೆಳಗೆ ವ್ಯಾನು ಹೊರಟಿತು. ಒಂದು ಸುಳ್ಳಿನಿಂದ ಒಬ್ಬ ಮನುಷ್ಯನಿಗೆ ನಿದ್ದೆ ಬರುವಂತಾಯಿತಲ್ಲ ಎಂದು ತನ್ನನ್ನು ತಾನು ಸಮಾ­ಧಾನ ಮಾಡಿಕೊಳ್ಳಲು ನೋಡಿದ. ಆ ಸಮಾಧಾನವೂ ತಾನು ಯಾರದೋ ಕೈಯಿಂದ ಕಿತ್ತುಕೊಂಡದ್ದು ಎನ್ನಿಸಿತು.

ಬಾಗಿಲು ಹಾಕಿದ. ಅಕ್ಕ ಇನ್ನೂ ಊಟ ಮಾಡಿರಲಿಲ್ಲ. ಮನೆಯಲ್ಲಿ ಬೇರೇನೂ ಇರಲಿಲ್ಲ. ತಟ್ಟೆಯಲ್ಲಿ ಸ್ವಲ್ಪ ಹಾಕಿ, ಕರಿ ಚೂರುಗಳನ್ನು ಆರಿಸಿ ತೆಗೆದು, ಒಂದು ಸ್ಟೂಲು ಎಳೆದುಕೊಂಡು ಅವಳ ಎದುರು ಕೂತ. ಅವಳ ಕೊರಳಿಗೆ ಬಟ್ಟೆ ಕಟ್ಟಿ ಮೊದಲ ಚಮಚ ತಿನ್ನಿಸಿದ. ಅವಳು ಬಾಯೊಳಗೆ ಅದನ್ನು ಬಹಳ ಹೊತ್ತು ಇಟ್ಟುಕೊಂಡಳು, ಎಡಕ್ಕೆ ಸರಿಸಿ ಅಗಿದಳು, ನುಂಗಿದಳು. ಮುಖ ಕಿವುಚಲಿಲ್ಲ. ಎರಡನೇ ಚಮಚ ತುಂಬಿ ಎತ್ತಿದಾಗ ಎಡಗೈ ಮುಂದೆ ಚಾಚಿ ಅವನ ಕೈಯಿಂದ ಚಮಚ ತೆಗೆದುಕೊಂಡಳು. ತಾನೇ ತಿನ್ನುತ್ತಾಳೆಂದು ಅವನು ತಟ್ಟೆಯನ್ನು ಹತ್ತಿರ ಹಿಡಿದ.

"ಅಕ್ಕ," ಎಂದ. "ಅವತ್ತು ಬೆಳಗ್ಗೆ ನಾನು—"

ಚಮಚ ಅವನ ಬಾಯೊಳಗೆ ಬಂತು. ಹಲ್ಲಿಗೆ ತಾಗಿ, ನಾಲಿಗೆಯ ಮೇಲೆ ಅನ್ನ ಬಿತ್ತು. ಕಹಿ. ಬಂದವರು ಇದನ್ನು ತಟ್ಟೆ ತುಂಬ ತಿಂದು ಹೋಗಿದ್ದರು. ಬೇಯದ ಬೇಳೆ, ಅಂಟಾದ ಅಕ್ಕಿ, ಎಲ್ಲಕ್ಕಿಂತ ಕೆಳಗೆ ಸುಟ್ಟ ಪಾತ್ರೆಯ ರುಚಿ. ಕಷ್ಟಪಟ್ಟು ನುಂಗಿ ಮತ್ತೆ ಬಾಯಿ ತೆರೆದ, ಹೇಳಲೆಂದು. ಅವಳು ಅಷ್ಟರಲ್ಲಿ ಚಮಚ ತುಂಬಿಕೊಂಡಿದ್ದಳು. ಅಭ್ಯಾಸವಿಲ್ಲದ ಕೈ, ಅರ್ಧ ಅವನ ಗಲ್ಲಕ್ಕೆ, ಅರ್ಧ ಅಂಗಿಗೆ. ಅವಳು ಅದನ್ನು ನೋಡಲಿಲ್ಲ. ಅವನ ಬಾಯನ್ನೇ ನೋಡುತ್ತಿದ್ದಳು, ಒಂದು ಮಾತೂ ಆಡದೆ. ಇದು ಚಿಕ್ಕಂದಿನಲ್ಲಿ ಕೂರಿಸಿಕೊಂಡು ತಿನ್ನಿಸಿದ ಅಕ್ಕನೋ, ಬಾಯಿಗೆ ಬಟ್ಟೆ ತುರುಕುತ್ತಿರುವ ಬೇರೆ ಯಾರೋ, ಅವನಿಗೆ ತಿಳಿಯಲಿಲ್ಲ. ಆ ಎಡ ಅರ್ಧ ಮುಖದಲ್ಲಿ ಸಿಟ್ಟಿತ್ತೋ ಕರುಣೆಯಿತ್ತೋ, ಅಥವಾ ಹಸಿದವನೊಬ್ಬ ಮುಂದೆ ಕೂತಿದ್ದಾನೆಂಬ ಬರೀ ಲೆಕ್ಕವಿತ್ತೋ. ನುಂಗುವ ಮೊದಲೇ ಇನ್ನೊಂದು ಬರುತ್ತಿತ್ತು. ತಟ್ಟೆ ಖಾಲಿಯಾದಾಗ ಅವಳು ಚಮಚದಿಂದ ಅದರ ಅಂಚನ್ನು ಬಡಿದು ಅಡುಗೆಮನೆಯ ಕಡೆ ನೋಡಿದಳು. ಅವನು ಎದ್ದು ಹೋಗಿ ಮತ್ತೆ ಹಾಕಿಕೊಂಡು ಬಂದು, ಅದೇ ಸ್ಟೂಲಿನ ಮೇಲೆ, ಅವಳ ಕೈಗೆ ಎಟುಕುವ ಹಾಗೆ ಸ್ವಲ್ಪ ಮುಂದಕ್ಕೆ ಬಗ್ಗಿ ಕೂತು ಬಾಯಿ ತೆರೆದ. ಪಾತ್ರೆಯಲ್ಲಿ ಇನ್ನೂ ಬೇಕಾದಷ್ಟಿತ್ತು.